ಹದಿನಾರು ತಿಂಗಳ ಕೋರ್ಸು, ಅದಕ್ಕಿಂತ ಉದ್ದದ ಅರ್ಜಿ

ಅಮೆರಿಕದಲ್ಲಿ ಯಾವುದಾದರೊಂದು ವಿಷಯದಲ್ಲಿ ಈಗಾಗಲೇ ಪದವಿ ಪಡೆದವರು ಮತ್ತೆ ನಾಲ್ಕು ವರ್ಷ ಕಾಲೇಜಿಗೆ ಹೋಗದೆ, 11ರಿಂದ 18 ತಿಂಗಳಲ್ಲಿ ನರ್ಸಿಂಗ್ ಪದವಿ ಮುಗಿಸಿಕೊಂಡು ರಿಜಿಸ್ಟರ್ಡ್ ನರ್ಸ್ ಪರೀಕ್ಷೆಗೆ ಕೂರಬಹುದಾದ ದಾರಿಯೊಂದಿದೆ. ವೇಗದ ನರ್ಸಿಂಗ್ ಬ್ಯಾಚುಲರ್ ಪದವಿ ಎಂಬರ್ಥದಲ್ಲಿ ಅದನ್ನು ಇಲ್ಲಿ ಆಕ್ಸಿಲರೇಟೆಡ್ ಬಿಎಸ್‌ಎನ್ ಎನ್ನುತ್ತಾರೆ. 1971ರಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ ಇದನ್ನು ಮೊದಲಿಗೆ ಆರಂಭಿಸಿತು. ಈಗ ದೇಶದ ಉದ್ದಗಲಕ್ಕೂ ಹಬ್ಬಿದೆ. ನಮ್ಮ ಕಡೆ ಇಂಥ ವ್ಯವಸ್ಥೆಯಿಲ್ಲ. ಕರ್ನಾಟಕದಲ್ಲಿ ಬಿ.ಇ. ಮುಗಿಸಿದವರಿಗೆ ನರ್ಸ್ ಆಗಬೇಕೆನ್ನಿಸಿದರೆ, ಪಿಯುಸಿ ಮುಗಿಸಿ ಬಂದ ಮಕ್ಕಳ ಜೊತೆ ಕೂತು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗನ್ನೋ ಮೂರು ವರ್ಷದ ಜಿಎನ್‌ಎಂ ಅನ್ನೋ ಮೊದಲಿನಿಂದ ಓದಬೇಕು. ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಎಂಬ ಎರಡು ವರ್ಷದ ಕೋರ್ಸಿದೆಯಾದರೂ ಅದು ಆಗಲೇ ನರ್ಸ್ ಆಗಿರುವವರಿಗೆ ಮೀಸಲು.

ಹಾಸನದಲ್ಲಿ ಪಿಯುಸಿ, ವಿಟಿಯುನಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ., ಬೆಂಗಳೂರಿನಲ್ಲಿ ಕೆಲವು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್, ಆಮೇಲೆ ಗಂಡನ ಎಚ್-1ಬಿ ಉದ್ಯೋಗ ವೀಸಾದ ಬೆನ್ನಿಗೆ ಅವಲಂಬಿತರ ಎಚ್-4 ವೀಸಾದಲ್ಲಿ ನಾರ್ತ್ ಕೆರೊಲಿನಾದ ರ‍್ಯಾಲಿ ನಗರಕ್ಕೆ ಬಂದದ್ದು: ನನ್ನ ಕಥೆಯಲ್ಲಿ ವಿಶೇಷವೇನೂ ಇಲ್ಲ, ಇಲ್ಲಿನ ಕನ್ನಡ ಕೂಟದ ಯುಗಾದಿ ಊಟಕ್ಕೆ ಕೂತ ಪಂಕ್ತಿಯಲ್ಲಿ ಅರ್ಧದಷ್ಟು ಹೆಂಗಸರ ಕಥೆ ಇದೇ. ಅವರಲ್ಲಿ ಈಚೆಗೆ ಹಲವರು ನರ್ಸಿಂಗ್ ಬಗ್ಗೆ ವಿಚಾರಿಸುತ್ತಿದ್ದಾರೆ. ನಾನು ಅರ್ಜಿಗಳನ್ನು ಹಾಕಿ ಮುಗಿಸಿದ್ದೇನೆಂದು ತಿಳಿದ ಮೇಲೆ ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಒಂದು ವರ್ಷದಲ್ಲಿ ಆಗಿಬಿಡುತ್ತಂತೆ, ಹೌದಾ?" ಈ ಬರಹ ಆ ಪ್ರಶ್ನೆಗೆ ಉತ್ತರ. ಜಾಹೀರಾತಿನಲ್ಲಿ ಕಾಣುವ ಹನ್ನೆರಡೋ ಹದಿನಾರೋ ತಿಂಗಳು ನಿಜವೇ. ಆದರೆ ಆ ತಿಂಗಳುಗಳ ಎಣಿಕೆ ಶುರುವಾಗುವುದಕ್ಕೆ ಮುಂಚೆ ಅರ್ಜಿ ಹಾಕುವ ಅರ್ಹತೆ ಸಂಪಾದಿಸಲು ಹಿಡಿಯುವ ಕಾಲವನ್ನು ಯಾರೂ ದಪ್ಪಕ್ಷರದಲ್ಲಿ ಅಚ್ಚು ಹಾಕುವುದಿಲ್ಲ, ಮತ್ತು ನನ್ನ ಅನುಭವದಲ್ಲಿ ಓದಿನ ಒಂದು ದೊಡ್ಡ ಪಾಲು ಆ ಕಾಲದಲ್ಲೇ ನಡೆದುಹೋಗುತ್ತದೆ.

ಮೊದಲ ಪದವಿಯಿಂದ ನಮಗೆ ಸಿಗುವ ವಿನಾಯಿತಿ ಇಷ್ಟೇ: ಇಂಗ್ಲಿಷ್, ಇತಿಹಾಸ, ಕಲೆ ಮುಂತಾದ ಸಾಮಾನ್ಯ ಶಿಕ್ಷಣದ ವಿಷಯಗಳನ್ನು ಮತ್ತೆ ಓದಬೇಕಾಗಿಲ್ಲ. ವಿಜ್ಞಾನದ ವಿಷಯಗಳಲ್ಲಿ ಅಂಥ ರಿಯಾಯಿತಿಯಿಲ್ಲ. ಪ್ರಯೋಗಾಲಯ ಸಹಿತ ಅನಾಟಮಿ ಮತ್ತು ಫಿಸಿಯಾಲಜಿ ಎರಡು ಭಾಗ, ಪ್ರಯೋಗಾಲಯ ಸಹಿತ ಮೈಕ್ರೋಬಯಾಲಜಿ, ಬಹುಪಾಲು ಕಡೆ ಕೆಮಿಸ್ಟ್ರಿ, ಸ್ಟಾಟಿಸ್ಟಿಕ್ಸ್, ಹುಟ್ಟಿನಿಂದ ಮುಪ್ಪಿನವರೆಗಿನ ಬೆಳವಣಿಗೆಯ ಮನಶ್ಶಾಸ್ತ್ರ, ಜೊತೆಗೆ ಹಲವೆಡೆ ನ್ಯೂಟ್ರಿಷನ್. ಇವನ್ನೆಲ್ಲ ಮುಗಿಸಿರಬೇಕು, ಅದೂ ಕಳೆದ ಐದು ಅಥವಾ ಏಳು ವರ್ಷಗಳ ಒಳಗೆ ಮುಗಿಸಿರಬೇಕು ಎಂಬ ಷರತ್ತನ್ನು ಅನೇಕ ಕಾಲೇಜುಗಳು ಇಟ್ಟಿವೆ. ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡು ಜಿರಳೆ, ಕಪ್ಪೆಗಳ ಚಿತ್ರ ಬಿಡಿಸಿದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇವನ್ನು ಒಂದೇ ಸೆಮಿಸ್ಟರಿನಲ್ಲಿ ಮುಗಿಸಿಬಿಡೋಣವೆಂದರೆ ಅದೂ ಆಗದು, ಏಕೆಂದರೆ ಅನಾಟಮಿಯ ಎರಡನೆಯ ಭಾಗಕ್ಕೆ ಮೊದಲನೆಯದು ಮುಗಿದಿರಬೇಕು, ಮೈಕ್ರೋಬಯಾಲಜಿಗೆ ಅದಕ್ಕೂ ಹಿಂದಿನ ಜೀವಶಾಸ್ತ್ರದ ಕೋರ್ಸೊಂದು ಬೇಕು, ಸಂಜೆಯ ಲ್ಯಾಬ್‌ಗಳು ನೋಂದಣಿ ತೆರೆದ ದಿನವೇ ತುಂಬಿಹೋಗುತ್ತವೆ.

ಇದಕ್ಕೆ ಹೇಳಿ ಮಾಡಿಸಿದ ಜಾಗವೆಂದರೆ ಕಮ್ಯುನಿಟಿ ಕಾಲೇಜು, ಎಂದರೆ ಕಡಿಮೆ ಶುಲ್ಕದ ಸ್ಥಳೀಯ ಸಾರ್ವಜನಿಕ ಕಾಲೇಜು. ನಾನಿರುವ ನಾರ್ತ್ ಕೆರೊಲಿನಾದಲ್ಲಿ 2024ರಲ್ಲಿ ಸ್ಥಳೀಯರಿಗೆ ಅಲ್ಲಿನ ಶುಲ್ಕ ಒಂದು ಕ್ರೆಡಿಟ್ಟಿಗೆ 76 ಡಾಲರ್ ಇತ್ತು. ಎಂದರೆ ನಾಲ್ಕು ಕ್ರೆಡಿಟ್ಟಿನ ಅನಾಟಮಿ ಕೋರ್ಸಿಗೆ ಪುಸ್ತಕ ಬಿಟ್ಟು ಸುಮಾರು 300 ಡಾಲರ್ ಆಗುತ್ತಿತ್ತು. ಇದೇ ಕೋರ್ಸನ್ನು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅನೇಕ ಪಟ್ಟು ಹಣ ತೆತ್ತು ಓದಿದವರಿದ್ದಾರೆ. ಅದರಿಂದ ಅರ್ಜಿಗೆ ಹೆಚ್ಚಿನ ತೂಕ ಬಂತೆಂದು ನನಗನ್ನಿಸಿಲ್ಲ. ಆಯ್ಕೆ ಸಮಿತಿಯವರು ನೋಡುವುದು ಗ್ರೇಡನ್ನು. ಒಟ್ಟು ಜಿಪಿಎ (ಗ್ರೇಡುಗಳ ಸರಾಸರಿ) ನಾಲ್ಕಕ್ಕೆ 3.0 ಕನಿಷ್ಠ ಎಂದು ಬರೆದಿದ್ದರೂ ವಿಜ್ಞಾನದ ವಿಷಯಗಳಲ್ಲಿ ಅದರ ಮೇಲೆ ಸಾಕಷ್ಟು ಎತ್ತರದಲ್ಲಿರುವವರೇ ಸಾಲಿನಲ್ಲಿ ಮುಂದೆ ನಿಂತಿರುತ್ತಾರೆ.

ಅನಾಟಮಿ ಲ್ಯಾಬಿನ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಮೇಜಿನಲ್ಲಿದ್ದ ಇಬ್ಬರು ಹೈಸ್ಕೂಲು ಮುಗಿಸಿ ಬಂದ ಹುಡುಗಿಯರು, ಮೂರನೆಯವರು ಇಪ್ಪತ್ತು ವರ್ಷ ಅಂಚೆ ಹಂಚಿ ನಿವೃತ್ತಿಯ ಹೊಸ್ತಿಲಲ್ಲಿದ್ದ ಗಂಡಸು. ನಮ್ಮ ಮುಂದಿನ ತಟ್ಟೆಯಲ್ಲಿ ಕುರಿಯ ಹೃದಯ. ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ತರದೆ ಬೆಳೆದವಳಿಗೆ ಅದನ್ನು ಕೈಗೆತ್ತಿಕೊಳ್ಳುವುದು ಹೇಗಿರಬಹುದೆಂದು ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದೆ. ಕತ್ತರಿ ಹಾಕಿದ ಮೇಲೆ ಆ ಯೋಚನೆಗೆ ಪುರುಸೊತ್ತೇ ಇರಲಿಲ್ಲ. ಎಡಗಡೆಯ ಕೆಳಕೋಣೆಯ ಗೋಡೆ ಬಲಗಡೆಯದಕ್ಕಿಂತ ಎಷ್ಟು ದಪ್ಪ ಎಂಬುದು ಬೆರಳಿಗೇ ಗೊತ್ತಾಗುತ್ತದೆ: ಬಲಗಡೆಯದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು, ಎಡಗಡೆಯದು ಇಡೀ ಮೈಗೆ ತಳ್ಳಬೇಕು. ಕವಾಟದ ಅಂಚುಗಳನ್ನು ಕೆಳಗಿನ ಸ್ನಾಯುವಿಗೆ ಕಟ್ಟಿ ಹಿಡಿದಿರುವ ಬಿಳಿ ತಂತುಗಳು ಹೊಲಿಗೆಯ ದಾರದಷ್ಟೇ ತೆಳ್ಳಗೆ. ಆದರೆ ಚಿಮಟದಿಂದ ಎಳೆದರೆ ಜಗ್ಗುವುದಿಲ್ಲ. ರಕ್ತ ಹಿಂದಕ್ಕೆ ಹರಿಯದಂತೆ ಕವಾಟ ಉಲ್ಟಾ ಮಗುಚಿಕೊಳ್ಳುವುದನ್ನು ತಡೆಯುವುದು ಇವೇ. ಎಲೆಕ್ಟ್ರಾನಿಕ್ಸಿನಲ್ಲಿ ಡಯೋಡ್ ಪಾಠವನ್ನು ನಾನು ಬಾಯಿಪಾಠ ಮಾಡಿ ಪಾಸಾಗಿದ್ದೆ. ಒಂದೇ ದಿಕ್ಕಿನ ಹರಿವು ಎಂದರೇನೆಂದು ಅರ್ಥವಾದದ್ದು ಆ ತಟ್ಟೆಯ ಮುಂದೆ.

ನ್ಯೂಟ್ರಿಷನ್ ತರಗತಿ ಹಗುರವಾದದ್ದು. ಮೂರು ದಿನ ತಿಂದದ್ದನ್ನೆಲ್ಲ ಬರೆದು ಪೋಷಕಾಂಶ ಲೆಕ್ಕ ಹಾಕಬೇಕಿತ್ತು, ಅವರ ಪಟ್ಟಿಯಲ್ಲಿ ಮುದ್ದೆಯೂ ಇರಲಿಲ್ಲ ಬಸ್ಸಾರೂ ಇರಲಿಲ್ಲ. ಉಳಿದ ಕೋರ್ಸುಗಳ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ, ಓದಿದರೆ ಬರುತ್ತವೆ.

ಇತ್ತ ಹಳೆಯ ಅಂಕಪಟ್ಟಿಗಳ ಕೆಲಸ ಸಮಾನಾಂತರವಾಗಿ ನಡೆಯಬೇಕು. ಭಾರತದ ಪದವಿ ಅಮೆರಿಕದ ಬ್ಯಾಚುಲರ್ ಪದವಿಗೆ ಸಮ ಎಂದು ಡಬ್ಲ್ಯುಇಎಸ್‌ನಂಥ ಮೌಲ್ಯಮಾಪನ ಸಂಸ್ಥೆಯೊಂದು ವಿಷಯವಾರು ವರದಿ ಕೊಡಬೇಕು, ಅದಕ್ಕೆ ವಿಶ್ವವಿದ್ಯಾಲಯವೇ ನೇರವಾಗಿ ಟ್ರಾನ್ಸ್‌ಕ್ರಿಪ್ಟ್ ಕಳಿಸಬೇಕು. ನಮ್ಮ ಕಾಲದ ವಿಟಿಯು ಅಂಕಪಟ್ಟಿಯಲ್ಲಿ ಪ್ರತಿ ಥಿಯರಿ ವಿಷಯಕ್ಕೆ 125 ಅಂಕ. ಪರೀಕ್ಷೆಗೆ ನೂರು, ಇಂಟರ್ನಲ್ಸ್‌ಗೆ ಇಪ್ಪತ್ತೈದು. ಲ್ಯಾಬಿಗೆ 75. ಸೆಮಿಸ್ಟರಿಗೆ ಒಟ್ಟು 900. ಶೇಕಡಾ 68 ಬಂದರೆ ನಮ್ಮಲ್ಲಿ ಫಸ್ಟ್ ಕ್ಲಾಸ್ ಎಂದು ಮನೆಯಲ್ಲಿ ಸಿಹಿ ಹಂಚುತ್ತಾರೆ, ಇಲ್ಲಿನ ಶಾಲೆಗಳಲ್ಲಿ ಅದೇ 68 ಫೇಲಿನ ಅಂಚು. ಮೌಲ್ಯಮಾಪನ ಸಂಸ್ಥೆಗಳಿಗೆ ಈ ವ್ಯತ್ಯಾಸ ಗೊತ್ತಿರುವುದರಿಂದ ಅರವತ್ತರ ಮೇಲಿನದನ್ನು ಸಾಮಾನ್ಯವಾಗಿ ಎ ಗ್ರೇಡಿಗೆ ಸಮನಾಗಿ ಪರಿವರ್ತಿಸುತ್ತವೆ. ಆದ್ದರಿಂದ ಅಂಕಪಟ್ಟಿಯ ಶೇಕಡಾವಾರು ನೋಡಿ ಧೈರ್ಯಗೆಡಬೇಕಾಗಿಲ್ಲ. ತೊಡಕಿರುವುದು ಮೂರು ವರ್ಷದ ಬಿ.ಎಸ್ಸಿ., ಬಿ.ಎ., ಬಿ.ಕಾಂ. ಓದಿದವರಿಗೆ. ಇಲ್ಲಿನ ಬ್ಯಾಚುಲರ್ ಪದವಿ ನಾಲ್ಕು ವರ್ಷದ್ದಾದ್ದರಿಂದ ಕೆಲವು ಸಂಸ್ಥೆಗಳು ಇದನ್ನು ಮೂರು ವರ್ಷದ ಓದು ಎಂದಷ್ಟೇ ಬರೆದುಕೊಡುತ್ತವೆ. ನ್ಯಾಕ್‌ನಿಂದ ಎ ಶ್ರೇಣಿ ಪಡೆದ ಸಂಸ್ಥೆಯಲ್ಲಿ ಮೊದಲ ಅಥವಾ ಎರಡನೆಯ ದರ್ಜೆಯಲ್ಲಿ ಪಾಸಾಗಿದ್ದರೆ ಡಬ್ಲ್ಯುಇಎಸ್ ಅದನ್ನು ಪೂರ್ಣ ಪದವಿಯೆಂದು ಒಪ್ಪುತ್ತದೆ. ಹಾಗಾಗಿ ಹಣ ಕಟ್ಟುವ ಮೊದಲು, ತಾವು ಸೇರಬೇಕೆಂದಿರುವ ಕಾಲೇಜು ಯಾವ ಸಂಸ್ಥೆಯ ವರದಿಯನ್ನು ಒಪ್ಪುತ್ತದೆ ಎಂದು ಇಮೇಲ್ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿಟ್ಟುಕೊಳ್ಳುವುದು ಒಳ್ಳೆಯದು.

ಪ್ರವೇಶ ಪರೀಕ್ಷೆ ಕೆಲವು ಕಡೆ ಟೀಸ್, ಕೆಲವು ಕಡೆ ಹೆಸಿ, ಕೆಲವು ಕಡೆ ಎರಡೂ ಬೇಡ. ಟೀಸ್‌ನಲ್ಲಿ 209 ನಿಮಿಷಕ್ಕೆ 170 ಪ್ರಶ್ನೆ: ಓದಿ ಅರ್ಥಮಾಡಿಕೊಳ್ಳುವುದು, ಗಣಿತ, ವಿಜ್ಞಾನ, ಇಂಗ್ಲಿಷ್ ಬಳಕೆ. ನಮ್ಮ ಸಿಇಟಿ ಬರೆದವರಿಗೆ ಗಣಿತ ಕಷ್ಟವಲ್ಲ, ಔನ್ಸು, ಪೌಂಡು, ಕಪ್ಪು, ಗ್ಯಾಲನ್ನುಗಳ ಪರಿವರ್ತನೆ ಮಾತ್ರ ತಲೆ ತಿನ್ನುತ್ತದೆ. ಹಾಲನ್ನು ಗ್ಯಾಲನ್ನಿನಲ್ಲೂ ಮೈತೂಕವನ್ನು ಪೌಂಡಿನಲ್ಲೂ ಅಳೆಯುವ ಈ ದೇಶ ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂದ ಕೂಡಲೇ ನಮ್ಮ ಹಾಗೆ ಮಿಲಿಗ್ರಾಂ, ಮಿಲಿಲೀಟರ್, ಕಿಲೋಗ್ರಾಂಗಳಲ್ಲಿ ಮಾತಾಡತೊಡಗುತ್ತದೆ ಎಂಬುದನ್ನು ತಿಳಿದಾಗ ನನಗೆ ನಗುವೂ ಸಮಾಧಾನವೂ ಒಟ್ಟಿಗೇ ಬಂದವು.

ಇನ್ನು ಮನೆಯ ಮಾತು. ಅಮ್ಮನಿಗೆ ವಿಷಯ ಹೇಳಿದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಅಷ್ಟು ಕಷ್ಟಪಟ್ಟು ಇಂಜಿನಿಯರಿಂಗ್ ಓದ್ಸಿದ್ದು ಇದಕ್ಕೇನೇ?" ಎಂದರು. ನಾನು ಪಿಯುಸಿ ಮುಗಿಸಿದಾಗ ಮೆಡಿಕಲ್ ಸೀಟಿಗಾಗಿ ದೇವರಿಗೆ ಹರಕೆ ಹೊತ್ತವರು ಅವರೇ. ರ‍್ಯಾಂಕು ಸಾಲದೆ ಹೋದಾಗ ಡೆಂಟಲ್, ಆಯುರ್ವೇದ, ಫಾರ್ಮಸಿ, ಕೊನೆಗೆ ಇಂಜಿನಿಯರಿಂಗ್ ಎಂದು ಮನೆಯಲ್ಲಿ ವಾರಗಟ್ಟಲೆ ಚರ್ಚೆ ನಡೆದಿತ್ತು, ನರ್ಸಿಂಗ್ ಎಂಬ ಹೆಸರನ್ನು ಒಬ್ಬರೂ ಎತ್ತಿರಲಿಲ್ಲ. ನಮ್ಮಂಥ ಮನೆಗಳಲ್ಲಿ ಡಾಕ್ಟರ್ ಆಗುವುದಕ್ಕೂ ನರ್ಸ್ ಆಗುವುದಕ್ಕೂ ನಡುವೆ ಇದ್ದ ಅಂತರ ಓದಿನದಾಗಿರಲಿಲ್ಲ, ಇನ್ನೊಬ್ಬರ ಮೈಯ ಕೊಳೆಯನ್ನು ಮುಟ್ಟುವುದು ಯಾರ ಕೆಲಸ ಎಂಬುದರದಾಗಿತ್ತು. ಆ ಭಾವನೆಯ ಹಿಂದೆ ಜಾತಿಯಿದೆ. ಇದನ್ನು ಒಪ್ಪಿಕೊಳ್ಳದೆ ನಮ್ಮವರು ಈ ವೃತ್ತಿಯ ಬಗ್ಗೆ ಆಡುವ ಮಾತುಗಳೆಲ್ಲ ಅರ್ಧ ಮಾತುಗಳೇ. ಕರಾವಳಿಯ ಕ್ರೈಸ್ತ ಕುಟುಂಬಗಳ ಮತ್ತು ಕೇರಳದ ಹೆಣ್ಣುಮಕ್ಕಳು ತಲೆಮಾರುಗಳಿಂದ ಈ ಕೆಲಸವನ್ನು ಮಾಡಿ, ಕೊಲ್ಲಿ ದೇಶಗಳಿಗೆ ಹೋಗಿ, ಮನೆ ಕಟ್ಟಿಸಿ, ತಮ್ಮಂದಿರನ್ನು ಓದಿಸಿದರು. ನಾವು ಅವರಿಂದ ಇಂಜೆಕ್ಷನ್ ಚುಚ್ಚಿಸಿಕೊಂಡು ಮನೆಗೆ ಬಂದೆವು.

ಜೊತೆಗೆ ನಮ್ಮೂರ ಆಸ್ಪತ್ರೆಯಲ್ಲಿ ನೋಡಿದ ನರ್ಸ್ ಕೆಲಸಕ್ಕೂ ಇಲ್ಲಿನದಕ್ಕೂ ವ್ಯತ್ಯಾಸವಿದೆ. ಅಲ್ಲಿ ರೋಗಿಗೆ ಮೈ ಒರೆಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಕೊಡುವುದು ಜೊತೆಗಿದ್ದ ಮನೆಯವರ ಅಥವಾ ಆಯಾಳ ಪಾಲಿನದು. ಒಬ್ಬ ನರ್ಸಿನ ಮೇಲೆ ಅಷ್ಟೊಂದು ಹಾಸಿಗೆಗಳ ಭಾರವಿರುವಾಗ ಬೇರೆ ದಾರಿಯೂ ಇರುವುದಿಲ್ಲ. ಇಲ್ಲಿ ಇವೆಲ್ಲ ನರ್ಸಿಂಗ್ ತಂಡದ ಜವಾಬ್ದಾರಿ. ನರ್ಸ್ ಆದವರು ತಲೆಯಿಂದ ಕಾಲಿನವರೆಗೆ ರೋಗಿಯನ್ನು ಪರೀಕ್ಷಿಸಿ, ಎದೆಯ ಸದ್ದು ಕೇಳಿ, ಬದಲಾವಣೆ ಕಂಡರೆ ವೈದ್ಯರಿಗೆ ತಿಳಿಸಿ, ಕೊಟ್ಟ ಔಷಧಿ ಸರಿಯಿಲ್ಲವೆನ್ನಿಸಿದರೆ ಪ್ರಶ್ನಿಸಬೇಕು. ಪ್ರಶ್ನಿಸದೆ ಕೊಟ್ಟರೆ ಲೈಸೆನ್ಸು ತೂಗಾಡುವುದು ಅವರದೂ ಹೌದು.

ಇದನ್ನು ಕಣ್ಣಾರೆ ನೋಡದೆ ಅರ್ಜಿ ಹಾಕಬಾರದೆಂದು ನನಗೆ ಬುದ್ಧಿ ಹೇಳಿದವರು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ಮಂಗಳೂರಿನ ಅಕ್ಕ. ಅವರ ಮಾತಿನ ಮೇಲೆ ನಾನು ನರ್ಸಿಂಗ್ ಅಸಿಸ್ಟೆಂಟ್ ತರಬೇತಿಗೆ ಸೇರಿದೆ. ಇದಕ್ಕೆ ಅಮೆರಿಕದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಕನಿಷ್ಠ 75 ಗಂಟೆಗಳ ತರಬೇತಿ ಬೇಕು, ಹಲವು ರಾಜ್ಯಗಳು ಇನ್ನೂ ಹೆಚ್ಚು ಕೇಳುತ್ತವೆ. ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಯಾವ ಕೌಶಲ ಬಂದರೂ ಬರದಿದ್ದರೂ ಕೈ ತೊಳೆಯುವುದಂತೂ ಇದ್ದೇ ಇರುತ್ತದೆ. ಬೆರಳ ತುದಿಗಳು ಮಣಿಕಟ್ಟಿಗಿಂತ ಕೆಳಗಿರಬೇಕು, ಸೋಪಿನ ನೊರೆಯಲ್ಲಿ ಕನಿಷ್ಠ 20 ಸೆಕೆಂಡು ಉಜ್ಜಬೇಕು, ಉಗುರಿನ ಸಂದಿ ಬಿಡಬಾರದು, ಸಿಂಕಿನ ಒಳಗೋಡೆಗೆ ಕೈ ತಾಗಬಾರದು. ಇಷ್ಟೆಲ್ಲ ಸರಿಯಾಗಿ ಮಾಡಿ, ಒದ್ದೆ ಕೈಯಲ್ಲಿ ನಲ್ಲಿ ತಿರುಗಿಸಿದರೆ ಎಲ್ಲವೂ ವ್ಯರ್ಥ. ಬೇರೊಂದು ಒಣ ಕಾಗದದಿಂದ ಹಿಡಿದು ನಿಲ್ಲಿಸಬೇಕು. ಮಡಿಯ ಮನೆಯಲ್ಲಿ ಬೆಳೆದವಳಿಗೆ ಈ ಪಾಠ ಬೇರೆಯವರಿಗಿಂತ ಬೇಗ ಹತ್ತಿತು ಎಂದರೆ ಅಮ್ಮನೂ ಒಪ್ಪಿಯಾರು.

ವೃದ್ಧಾಶ್ರಮದ ಪಾಳಿಯಲ್ಲಿ ಕಲಿತದ್ದು ಬೇರೆ. ಎದ್ದು ಓಡಾಡಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಹಿಮ್ಮಡಿಗಳು ಹಾಸಿಗೆಗೆ ಒತ್ತದಂತೆ ಮೀನಖಂಡದ ಕೆಳಗೆ ದಿಂಬು ಇಡಬೇಕು; ತಪ್ಪಿದರೆ ಚರ್ಮ ಕೆಂಪಾಗಿ, ಕೆಂಪು ಹುಣ್ಣಾಗಿ, ಹುಣ್ಣು ಮೂಳೆಯ ತನಕ ಇಳಿಯುತ್ತದೆ. ಊಟ ಮಾಡಿಸುವಾಗ ನಿಂತುಕೊಂಡು ತುತ್ತು ಕೊಡಬಾರದು. ಅವರನ್ನು ನೆಟ್ಟಗೆ ಕೂರಿಸಿ, ನಾವೂ ಅವರ ಕಣ್ಣಿನ ಮಟ್ಟಕ್ಕೆ ಕುರ್ಚಿ ಹಾಕಿ ಕೂತು, ಚಮಚದಲ್ಲಿರುವುದು ಏನೆಂದು ಹೇಳಿ, ನುಂಗಿದ್ದನ್ನು ಖಚಿತ ಮಾಡಿಕೊಂಡೇ ಮುಂದಿನ ತುತ್ತು. ನೆನಪು ಮಾಸಿದ ಒಬ್ಬ ಮುದುಕರು ದಿನವೂ ನನ್ನನ್ನು ಹೊಸಬಳೆಂದು ತಿಳಿದು ಸ್ವಾಗತಿಸುತ್ತಿದ್ದರು, ಆಲೂಗಡ್ಡೆಯ ಮುದ್ದೆಯನ್ನು ಕೆನ್ನೆಯಲ್ಲೇ ಇಟ್ಟುಕೊಂಡು ನಗುತ್ತಿದ್ದರು. ಅದನ್ನು ನುಂಗಿಸದೆ ಎದ್ದು ಹೋದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಇಲ್ಲಿ ಅದಕ್ಕಾಗಿ ಕಾದು ಕೂತೆ.

ಅರ್ಜಿಯ ಪ್ರಬಂಧಕ್ಕೆ ಇದೇ ಬಂಡವಾಳವಾಯಿತು. ನರ್ಸಿಂಗ್‌ಕ್ಯಾಸ್ ಎಂಬ ಏಕಗವಾಕ್ಷಿ ವ್ಯವಸ್ಥೆಯಲ್ಲಿ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕಬಹುದು, ಆದರೆ ಈ ವೃತ್ತಿ ಏಕೆ ಬೇಕು ಎಂಬುದನ್ನು ಮಾತ್ರ ನಾವೇ ಬರೆಯಬೇಕು. ನಮ್ಮವರು ಬರೆಯುವ ಪ್ರಬಂಧಗಳು ಹೆಚ್ಚಾಗಿ ಒಂದೇ ಅಚ್ಚಿನವು: ಚಿಕ್ಕಂದಿನಿಂದ ಸೇವೆಯ ಹಂಬಲ, ಅಜ್ಜಿಯ ಕಾಯಿಲೆ, ಆಗ ಹುಟ್ಟಿದ ಸಂಕಲ್ಪ, ಮಧ್ಯೆ ಒಂದು ಇಂಗ್ಲಿಷ್ ಸುಭಾಷಿತ. ಮಂಗಳೂರಿನ ಅಕ್ಕ ಇಂಥದೊಂದು ಕರಡನ್ನು ಓದಿ, "ಇದ್ರಲ್ಲಿ ಎಲ್ಲ ಕಡೆ ನೀನೇ ಇದ್ದಿ ಮಾರಾಯ್ತಿ, ಪೇಷೆಂಟ್ ಎಲ್ಲಿ?" ಎಂದರು. ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕೂತರೆ ಪ್ರಬಂಧದ ಮುಕ್ಕಾಲು ಪಾಲು ತಾನಾಗಿ ಉದುರಿಹೋಗುತ್ತದೆ. ಉಳಿದದ್ದಕ್ಕೆ ನಾನು ಕೆನ್ನೆಯಲ್ಲಿ ಉಳಿದ ತುತ್ತನ್ನು ಸೇರಿಸಿದೆ, ಟೆಸ್ಟಿಂಗ್ ಕೆಲಸದಲ್ಲಿ ತಪ್ಪನ್ನು ಮುಚ್ಚಿಡದೆ ಬರೆದಿಡುವ ಅಭ್ಯಾಸವನ್ನು ಸೇರಿಸಿದೆ, ಅಲ್ಲಿಗೆ ನಿಲ್ಲಿಸಿದೆ.

ಶಿಫಾರಸು ಪತ್ರಕ್ಕೆ ಹತ್ತು ವರ್ಷ ಹಿಂದಿನ ಬೆಂಗಳೂರಿನ ಮ್ಯಾನೇಜರನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಅನಾಟಮಿ ಪಾಠ ಮಾಡಿದವರನ್ನೂ ಪಾಳಿಯ ಮೇಲ್ವಿಚಾರಕರನ್ನೂ ಕೇಳುವುದು ವಾಸಿ.

ಹಣ ಮತ್ತು ವೀಸಾದ ಸಂಗತಿ ಎಚ್-4ನಲ್ಲಿರುವವರಿಗೆ ಎಲ್ಲಕ್ಕಿಂತ ಭಾರವಾದದ್ದು, ಮತ್ತು ಮಾಹಿತಿ ಸಭೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಪ್ರಸ್ತಾಪವಾಗುವುದೂ ಅದೇ. ಎಚ್-4ನಲ್ಲಿ ಓದುವುದಕ್ಕೆ ಅಡ್ಡಿಯಿಲ್ಲ. 2015ರ ಮೇ 26ರಿಂದ ಜಾರಿಗೆ ಬಂದ ನಿಯಮದಂತೆ, ಗಂಡನ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ್ದರೆ ಕೆಲಸದ ಪರವಾನಗಿಯೂ ಸಿಗುತ್ತದೆ. ಆದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಎಚ್-4ನವರಿಗೆ ಸಿಗದು, ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ನಾಗರಿಕರೋ ಗ್ರೀನ್ ಕಾರ್ಡ್ ಇರುವವರೋ ಜಾಮೀನು ನಿಲ್ಲಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಸರ್ಕಾರದ ಸಾಲವಿದೆ. ಕಡಿಮೆ ವರಮಾನದವರಿಗೆ ಸರ್ಕಾರ ಕೊಡುವ ಪೆಲ್ ಅನುದಾನ ಮಾತ್ರ ಮೊದಲ ಪದವಿಗಷ್ಟೇ ಸೀಮಿತವಾದ್ದರಿಂದ ಎರಡನೆಯ ಪದವಿಗೆ ಬರುವ ಯಾರಿಗೂ ಅದು ದಕ್ಕುವುದಿಲ್ಲ. ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಈ ಕೋರ್ಸಿನ ಒಟ್ಟು ವೆಚ್ಚ 80 ಸಾವಿರ ಡಾಲರ್ ದಾಟುತ್ತದೆ, ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ, ಆದ್ದರಿಂದಲೇ ಅಲ್ಲಿ ನೂಕುನುಗ್ಗಲು. ಓದುವ ತಿಂಗಳುಗಳಲ್ಲಿ ನೌಕರಿ ಇಟ್ಟುಕೊಳ್ಳಬೇಡಿ ಎಂದು ಕಾಲೇಜುಗಳೇ ಹೇಳುವುದರಿಂದ ಆ ಕಾಲದ ಮನೆ ಖರ್ಚನ್ನೂ ಇದಕ್ಕೆ ಕೂಡಿಸಿಕೊಳ್ಳಬೇಕು.

ಅದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಎಚ್-1ಬಿಯಲ್ಲಿರುವವರ ಕೆಲಸ ಹೋದರೆ ಇನ್ನೊಂದು ಕೆಲಸ ಹಿಡಿಯಲು ಸಾಮಾನ್ಯವಾಗಿ ಸಿಗುವುದು ಗರಿಷ್ಠ 60 ದಿನ. ಆ ಗಡುವು ಮೀರಿದರೆ ಅವರ ಬೆನ್ನಿಗೆ ಕಟ್ಟಿದ ಎಚ್-4 ಕೂಡ ಉಳಿಯುವುದಿಲ್ಲ. ಕೋರ್ಸಿನ ನಡುವೆ ಇರುವ ಹೆಂಡತಿ ಎಷ್ಟು ಒಳ್ಳೆಯ ಗ್ರೇಡು ತೆಗೆದಿದ್ದರೂ ಅದು ಬದಲಾಗದು. ಈಚಿನ ವರ್ಷಗಳಲ್ಲಿ ಸಾಫ್ಟ್‌ವೇರ್ ಕಂಪನಿಗಳ ಲೇಆಫ್‌ಗಳನ್ನು ನೋಡಿದ ಯಾವ ಕುಟುಂಬವೂ ಇದನ್ನು ದೂರದ ಮಾತೆಂದು ತಳ್ಳಿಹಾಕಲಾರದು. ನನ್ನ ಗಂಡ ಮತ್ತು ನಾನು ಒಂದು ಭಾನುವಾರವಿಡೀ ಕೂತು, ಉಳಿತಾಯವೆಷ್ಟು, ಕೆಲಸ ಹೋದರೆ ನಾನು ಸ್ವತಂತ್ರವಾಗಿ ವಿದ್ಯಾರ್ಥಿ ವೀಸಾಕ್ಕೆ ಬದಲಾಗಲು ಆ ಕಾಲೇಜು ಒಪ್ಪುತ್ತದೆಯೇ, ಊರಿಗೆ ಹಿಂದಿರುಗಬೇಕಾಗಿ ಬಂದರೆ ಅರ್ಧ ಓದಿದ ಕೋರ್ಸಿಗೆ ಅಲ್ಲಿ ಬೆಲೆಯಿದೆಯೇ ಎಂದು ಒಂದೊಂದನ್ನೇ ಬರೆದುಕೊಂಡೆವು. ಕೊನೆಯದಕ್ಕೆ ಉತ್ತರ ಇಲ್ಲವೆಂದೇ ಇತ್ತು. ಎಲ್ಲ ಕಾಲೇಜುಗಳ ಅಂತರರಾಷ್ಟ್ರೀಯ ವಿಭಾಗಕ್ಕೂ ಎರಡನೆಯ ಪ್ರಶ್ನೆಯನ್ನು ಇಮೇಲ್ ಮಾಡಿದ ಮೇಲೆ ನನ್ನ ಪಟ್ಟಿ ಸಾಕಷ್ಟು ಚಿಕ್ಕದಾಯಿತು.

ಹಾಗೆ ಪಟ್ಟಿ ಸಣ್ಣದಾಗಲು ಇನ್ನೊಂದು ಕಾರಣವಿತ್ತು. ಜಾಲತಾಣದಲ್ಲಿ ಒಮ್ಮೆ ಫೋನ್ ನಂಬರ್ ಕೊಟ್ಟರೆ ಸಾಕು, ವಿಶ್ವವಿದ್ಯಾಲಯದ ಹೆಸರು ಹೇಳಿಕೊಂಡು ಅಡ್ಮಿಷನ್ ಕೌನ್ಸೆಲರುಗಳು ದಿನಕ್ಕೆರಡು ಬಾರಿ ಕರೆ ಮಾಡುತ್ತಾರೆ. ಕೆಲವೆಡೆ ಇವರು ವಿಶ್ವವಿದ್ಯಾಲಯದ ನೌಕರರಲ್ಲ, ಶುಲ್ಕದಲ್ಲಿ ಪಾಲು ಪಡೆಯುವ ಖಾಸಗಿ ಕಂಪನಿಯವರು. ಕೋರ್ಸು ಕೆಟ್ಟದ್ದೆಂದು ಇದರ ಅರ್ಥವಲ್ಲ, ಆದರೆ ಅವರ ಅವಸರ ನಮ್ಮ ಅವಸರವಾಗಬೇಕಾಗಿಲ್ಲ. ನೋಡಬೇಕಾದದ್ದು ಎರಡು: ನರ್ಸಿಂಗ್ ಕೋರ್ಸುಗಳನ್ನು ಪರಿಶೀಲಿಸುವ ಸಂಸ್ಥೆಗಳಾದ ಸಿಸಿಎನ್‌ಇ ಅಥವಾ ಎಸಿಇಎನ್ ಮಾನ್ಯತೆ ಇದೆಯೇ, ಮತ್ತು ಅಲ್ಲಿ ಓದಿದವರು ಲೈಸೆನ್ಸಿನ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಮೊದಲ ಸಲಕ್ಕೇ ಎಷ್ಟು ಮಂದಿ ಪಾಸು ಮಾಡಿದ್ದಾರೆ. ಎರಡನೆಯ ಅಂಕಿಯನ್ನು ರಾಜ್ಯದ ನರ್ಸಿಂಗ್ ಮಂಡಳಿಗಳು ಪ್ರಕಟಿಸುತ್ತವೆ. 2023ರ ಜನವರಿಯಲ್ಲಿ ಫ್ಲಾರಿಡಾದ ಮೂರು ಶಾಲೆಗಳು 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾ ಮಾರಿದ್ದು ಬಯಲಾಗಿತ್ತು. ಅಡ್ಡದಾರಿ ಹುಡುಕುವವರು ಇರುವ ತನಕ ಅದನ್ನು ಮಾರುವವರೂ ಇರುತ್ತಾರೆ.

ನರ್ಸುಗಳ ಕೊರತೆಯಿದೆ ಎಂದು ದಿನವೂ ಕೇಳುವ ದೇಶದಲ್ಲಿ ಸೀಟಿಗೆ ಏಕಿಷ್ಟು ಪೈಪೋಟಿ ಎಂದು ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ನರ್ಸಿಂಗ್ ಕಾಲೇಜುಗಳ ರಾಷ್ಟ್ರೀಯ ಸಂಘದ ಲೆಕ್ಕದಂತೆ 2023ರಲ್ಲಿ ಅರ್ಹತೆಯಿದ್ದೂ ತಿರಸ್ಕೃತವಾದ ಅರ್ಜಿಗಳು 65 ಸಾವಿರಕ್ಕೂ ಹೆಚ್ಚು. ಒಬ್ಬರೇ ಹಲವು ಕಡೆ ಅರ್ಜಿ ಹಾಕುವುದರಿಂದ ಅಷ್ಟೇ ಜನ ಹೊರಗುಳಿದರೆಂದು ತಿಳಿಯಬಾರದು. ಆದರೂ ಕಾರಣ ಸ್ಪಷ್ಟ. ಪಾಠ ಹೇಳುವವರ ಕೊರತೆ, ವಿದ್ಯಾರ್ಥಿಗಳನ್ನು ಕೆಲಸ ಕಲಿಯಲು ಬಿಟ್ಟುಕೊಳ್ಳುವ ಆಸ್ಪತ್ರೆ ಜಾಗಗಳ ಕೊರತೆ. 2023ರಲ್ಲಿ ರಿಜಿಸ್ಟರ್ಡ್ ನರ್ಸ್ ಒಬ್ಬರ ಮಧ್ಯಮ ವಾರ್ಷಿಕ ಸಂಬಳ ದೇಶದಲ್ಲಿ 86,070 ಡಾಲರ್ ಇತ್ತು. ವಾರ್ಡಿನಲ್ಲಿ ಅನುಭವವಿರುವವರು ಅದನ್ನು ಬಿಟ್ಟು, ಹಲವೆಡೆ ಅದಕ್ಕಿಂತ ಕಡಿಮೆ ಸಂಬಳಕ್ಕೆ ಪಾಠ ಹೇಳಲು ಬರುವುದು ಅಪರೂಪ.

ಸಂದರ್ಶನದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಪ್ರಶ್ನೆ ಒಂದೇ. ವಯಸ್ಸಾದ ರೋಗಿಗೆ ಕ್ಯಾನ್ಸರ್ ಎಂದು ಗೊತ್ತಾಗಿದೆ, ಅವರಿಗೆ ಹೇಳಬೇಡಿ ಎಂದು ಮಗ ಕಾರಿಡಾರಿನಲ್ಲಿ ನಿಮ್ಮ ಕೈ ಹಿಡಿದು ಬೇಡಿಕೊಳ್ಳುತ್ತಾನೆ, ಏನು ಮಾಡುತ್ತೀರಿ? ಕೇಳಿದವರಿಗೆ ಇದು ನೀತಿಶಾಸ್ತ್ರದ ಸಾಮಾನ್ಯ ಪ್ರಶ್ನೆ. ನನಗೆ ಅದು ನಮ್ಮ ದೊಡ್ಡಪ್ಪನ ಮನೆಯ ಸಂಗತಿಯಾಗಿತ್ತು. ಅವರಿಗೆ ಕೊನೆಯವರೆಗೂ ಅಲ್ಸರ್ ಎಂದೇ ಹೇಳಿದ್ದೆವು, ಡಾಕ್ಟರೂ ಹೂಂ ಎಂದಿದ್ದರು, ಅದನ್ನು ಯಾರೂ ಸುಳ್ಳೆಂದು ಕರೆದಿರಲಿಲ್ಲ. ಪ್ರೀತಿಯಿಂದ ಮಾಡಿದ ಏರ್ಪಾಡದು, ಆದರೆ ದೊಡ್ಡಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದರೆ ಯಾರೊಡನೆ ಮಾತಾಡಬಹುದಿತ್ತು ಎಂದು ನಾವು ಕೇಳಿಕೊಳ್ಳಲೇ ಇಲ್ಲ. ಸಮಿತಿಯ ಮುಂದೆ ನಾನು ಹೇಳಿದ್ದು ಇಷ್ಟು: ರೋಗಿ ನೇರವಾಗಿ ಕೇಳಿದರೆ ನಾನು ಸುಳ್ಳು ಹೇಳಲಾರೆ, ಆದರೆ ಮಗನನ್ನು ಕಾನೂನಿನ ಮಾತಾಡಿ ಕಳಿಸುವುದೂ ಇಲ್ಲ. ತನ್ನ ಕಾಯಿಲೆಯ ಬಗ್ಗೆ ಎಷ್ಟು ತಿಳಿಯಲು ಇಷ್ಟ, ಯಾರು ಜೊತೆಗಿರಬೇಕು, ನಿರ್ಧಾರಗಳನ್ನು ಮಗನೇ ತೆಗೆದುಕೊಳ್ಳಲೆಂಬ ಇಚ್ಛೆಯಿದೆಯೇ ಎಂದು ಮೊದಲು ರೋಗಿಯನ್ನೇ ಕೇಳಿ ತಿಳಿಯಬೇಕೆಂದು ವೈದ್ಯರ ಗಮನಕ್ಕೆ ತರುತ್ತೇನೆ. ಎಲ್ಲವನ್ನೂ ಮಕ್ಕಳಿಗೆ ಬಿಟ್ಟುಬಿಡುವುದು ಕೂಡ ರೋಗಿಯದೇ ಆಯ್ಕೆಯಾಗಿರಬಹುದು. ಅವರು ಬರೆದುಕೊಂಡರು, ಮುಂದಿನ ಪ್ರಶ್ನೆಗೆ ಹೋದರು. ಆ ಉತ್ತರದಲ್ಲಿ ನನಗೆ ಪೂರ್ತಿ ನೆಮ್ಮದಿಯಿಲ್ಲ. ಹಾಸನದ ಆಸ್ಪತ್ರೆಯ ಕಾರಿಡಾರಿನಲ್ಲಿ ಅಷ್ಟು ಸಲೀಸಾಗಿ ಅದನ್ನು ಹೇಳುತ್ತಿದ್ದೆನೇ ಎಂಬುದು ಅನುಮಾನ.

ಒಂದು ಕಡೆ ತಿರಸ್ಕಾರ, ಒಂದು ಕಡೆ ವೇಯ್ಟ್‌ಲಿಸ್ಟ್, ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಸೀಟು. ಹದಿನಾರು ತಿಂಗಳ ಕೋರ್ಸು, ಆಗಸ್ಟ್‌ನಲ್ಲಿ ಆರಂಭ. ಮುಂಗಡ ಕಟ್ಟಿದ ಮರುದಿನವೇ ಆರೋಗ್ಯ ದಾಖಲೆಗಳ ಪಟ್ಟಿ ಬಂತು, ಅದರಲ್ಲಿ ಭಾರತದಲ್ಲಿ ಹುಟ್ಟಿದವರು ಗಮನಿಸಬೇಕಾದದ್ದು ಕ್ಷಯದ ಪರೀಕ್ಷೆ. ನಮ್ಮ ಎಡತೋಳಿನ ಬಿಸಿಜಿ ಕಲೆಯ ದೆಸೆಯಿಂದ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಬಹುದು. ಬಿಸಿಜಿಯಿಂದ ಬಾಧಿತವಾಗದ ರಕ್ತಪರೀಕ್ಷೆಯನ್ನೇ ಕೇಳಿ ಮಾಡಿಸಿಕೊಳ್ಳಬೇಕು. ಅದೂ ಪಾಸಿಟಿವ್ ಬಂದರೆ ಎದೆಯ ಎಕ್ಸ್‌ರೇ ಬೇಕಾಗುತ್ತದೆ, ಗಾಬರಿಯಾಗುವಂಥದ್ದಲ್ಲ. ಇನ್ನು ದಡಾರ, ಮಂಗನಬಾವು, ರುಬೆಲ್ಲಾ, ಸೀತಾಳೆ ಸಿಡುಬುಗಳಿಗೆ ನಿರೋಧಕ ಶಕ್ತಿಯ ಪುರಾವೆ. 1985ರಲ್ಲಿ ಶುರುವಾದ ನಮ್ಮ ದೇಶದ ಲಸಿಕೆ ಕಾರ್ಯಕ್ರಮದಲ್ಲಿ ದಡಾರದ ಲಸಿಕೆಯಿತ್ತು, ರುಬೆಲ್ಲಾ ಸೇರಿದ್ದು 2017ರಲ್ಲಿ, ಮಂಗನಬಾವಿನದು ಅದರಲ್ಲಿ ಇರಲೇ ಇಲ್ಲ. ನನ್ನ ಲಸಿಕೆ ಕಾರ್ಡಿಗಾಗಿ ಅಮ್ಮ ಟ್ರಂಕು, ಬೀರು ಎಲ್ಲ ಹುಡುಕಿದರು. ಸಿಗಲಿಲ್ಲ. "ನಿಂಗೆ ಮೂರನೇ ಕ್ಲಾಸಲ್ಲಿ ಅಮ್ಮ ಆಗಿತ್ತು, ಬೇವಿನ ಸೊಪ್ಪಿನ ಮೇಲೆ ಮಲಗ್ಸಿದ್ದೆ, ಅಷ್ಟು ಹೇಳು ಅವ್ರಿಗೆ ಸಾಕು" ಎಂದರು. ರಕ್ತಪರೀಕ್ಷೆ ಅಮ್ಮನ ಮಾತನ್ನು ಎತ್ತಿಹಿಡಿಯಿತು, ಸೀತಾಳೆ ಸಿಡುಬಿಗೆ ನಿರೋಧಕ ಶಕ್ತಿಯಿದೆ. ಮಂಗನಬಾವಿಗೆ ಇಲ್ಲ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಎಂಎಂಆರ್ ಲಸಿಕೆಯ ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ ಅಂತರವಿರಬೇಕಾದ್ದರಿಂದ ಮೊದಲನೆಯದನ್ನು ಈ ವಾರವೇ ಹಾಕಿಸಿಕೊಂಡಿದ್ದೇನೆ, ಎರಡನೆಯದರ ತಾರೀಖು ದಾಖಲೆ ಸಲ್ಲಿಸುವ ಗಡುವಿಗೆ ಸ್ವಲ್ಪ ಮುಂಚೆ ಬೀಳುತ್ತದೆ.